ಡಬ್ಬಿಯ ಚೆಂದವೂ ಪಕ್ಕದಲ್ಲಿ ಕುಳಿತ ಮಗುವೂ

ಊಟಕ್ಕೆ ತಕರಾರು ಮಾಡುವ ಮಕ್ಕಳಿಗಾಗಿ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಈಗ ಬೆಳಗಿನ ಹೊತ್ತು ನಡೆಯುವ ದುಡಿಮೆಯನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಚಪಾತಿಯನ್ನು ನಕ್ಷತ್ರದ ಅಚ್ಚಿನಲ್ಲಿ ಕತ್ತರಿಸುತ್ತಾರೆ. ಅನ್ನವನ್ನು ಕರಡಿಯ ಮುಖದಂತೆ ಒತ್ತಿ ಮೆಣಸಿನ ಕಾಳಿನಿಂದ ಕಣ್ಣು ಕೂರಿಸುತ್ತಾರೆ. ಸೌತೆಕಾಯಿಯಲ್ಲಿ ಹೂವು, ಗಜ್ಜರಿಯಲ್ಲಿ ಚಿಟ್ಟೆ. ಇಷ್ಟೆಲ್ಲ ಮಾಡಿ ಕಳುಹಿಸಿದ ಡಬ್ಬಿ ಸಂಜೆ ಅರ್ಧ ತುಂಬಿಕೊಂಡೇ ಮನೆಗೆ ಬರುತ್ತದೆ. ತಾಯಿ ಅದನ್ನು ತೆರೆದು ನೋಡಿ, ನಾಳೆ ಇನ್ನೂ ಚೆಂದ ಮಾಡಬೇಕು ಎಂದುಕೊಳ್ಳುತ್ತಾಳೆ.

ಈ ಅಚ್ಚುಗಳು, ಈ ಕರಡಿ ಮುಖಗಳು ಬಹುಮಟ್ಟಿಗೆ ಜಪಾನಿನಿಂದ ಮೊಬೈಲ್ ವಿಡಿಯೊಗಳ ದಾರಿ ಹಿಡಿದು ಬಂದವು. ನಾನು ಧಾರವಾಡದಲ್ಲಿ ಹುಟ್ಟಿ ಬೆಳೆದು, ಮದುವೆಯಾದ ಮೇಲೆ ಯೊಕೊಹಾಮಾದಲ್ಲಿ ನೆಲೆಸಿದವಳು. ಮಗಳು ಅಲ್ಲಿಯ ಶಿಶುವಿಹಾರ ಮುಗಿಸಿ ಈಗ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದಾಳೆ. ತಂಗಿಯ ಮನೆ ಧಾರವಾಡದ ವಿದ್ಯಾಗಿರಿಯಲ್ಲಿದೆ, ಅವಳ ಮಗ ಯುಕೆಜಿ. ಹೀಗಾಗಿ ಎರಡೂ ಊರಿನ ಡಬ್ಬಿಗಳನ್ನು ನಾನು ಹತ್ತಿರದಿಂದ ಬಲ್ಲೆ. ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಒಲ್ಲೆ ಎನ್ನುವ ಮಗುವಿನ ಬಾಯಿ ತೆರೆಸುವ ಶಕ್ತಿ ಡಬ್ಬಿಯ ಅಲಂಕಾರಕ್ಕಿಂತ, ಜೊತೆಯಲ್ಲಿ ಕುಳಿತು ಉಣ್ಣುವ ಮಕ್ಕಳಿಗೆ ಹೆಚ್ಚು ಇದೆ. ಜಪಾನ್ ಇದನ್ನು ಶಾಲೆಯ ಪಾಠವಾಗಿ ಮಾಡಿಕೊಂಡಿದೆ. ನಮ್ಮ ಕಡೆ ಇದು ಯಾರೂ ಹೇಳಿಕೊಡದೆಯೇ ನಡೆದುಕೊಂಡು ಬಂದಿತ್ತು. ಈಗ ನಾವು ಅವರಿಂದ ಅಲಂಕಾರವನ್ನು ತಂದುಕೊಂಡು, ನಮ್ಮಲ್ಲೇ ಇದ್ದ ಪಂಕ್ತಿಯನ್ನು ಬಿಡುತ್ತಿದ್ದೇವೆ.

ಮೊದಲು ಜಪಾನಿನ ಬೆಂತೋ ಡಬ್ಬಿಯ ವಿಷಯ. ವಿಡಿಯೊಗಳಲ್ಲಿ ಕಾಣುವ ಗೊಂಬೆ ಮುಖದ ಡಬ್ಬಿಗೆ ಅಲ್ಲಿ ಕ್ಯಾರಾಬೆನ್ ಎನ್ನುತ್ತಾರೆ. ಕಡಲಪಾಚಿಯ ತೆಳು ಹಾಳೆಯನ್ನು ಕಣ್ಣು, ಹುಬ್ಬು, ಮೀಸೆಗಳ ಆಕಾರದಲ್ಲಿ ಕತ್ತರಿಸುವ ಪುಟ್ಟ ಯಂತ್ರಗಳು ಅಂಗಡಿಗಳಲ್ಲಿ ಸಿಗುತ್ತವೆ. ಆದರೆ ಅಲ್ಲಿಯ ಕೆಲವು ಶಿಶುವಿಹಾರಗಳೇ ಪಾಲಕರಿಗೆ ಕ್ಯಾರಾಬೆನ್ ಬೇಡ ಎಂದು ತಿಳಿಸಿವೆ. ಮಕ್ಕಳು ಡಬ್ಬಿ ಹೋಲಿಸಿ ನೋಡಿ ಬೇಸರಪಡುತ್ತಾರೆ, ಅಡುಗೆಯನ್ನು ಕೈಯಿಂದ ಹೆಚ್ಚು ಮುಟ್ಟಿದಷ್ಟೂ ಬೇಸಿಗೆಯಲ್ಲಿ ಅದು ಬೇಗ ಕೆಡುತ್ತದೆ ಎಂಬುದು ಅವರ ಕಾರಣ. ಈ ಸಂಗತಿ ವಿಡಿಯೊಗಳ ಜೊತೆ ನಮ್ಮೂರಿಗೆ ಬರಲಿಲ್ಲ.

ಬರಬೇಕಾಗಿದ್ದ ಇನ್ನೊಂದು ಸಂಗತಿಯೂ ಇದೆ, ಅದು ಡಬ್ಬಿಯ ಅಳತೆ. ಜಪಾನಿನಲ್ಲಿ ಊಟದ ಡಬ್ಬಿಯ ಮೇಲೆ ಮಿಲಿಲೀಟರ್ ಲೆಕ್ಕ ಬರೆದಿರುತ್ತದೆ. ಶಿಶುವಿಹಾರದ ಮಗುವಿನ ಡಬ್ಬಿ 300 ಮಿಲಿಲೀಟರಿನ ಆಸುಪಾಸು. ಅಷ್ಟೇ. ಅದರಲ್ಲಿ ಒಂದು ಹಿಡಿ ಅನ್ನ, ಎರಡು ಮೂರು ಬಗೆಯ ತರಕಾರಿಯ ಒಂದೊಂದೇ ತುಣುಕು. ಪ್ರತಿ ತುಣುಕೂ ಒಂದೇ ತುತ್ತಿಗೆ ಆಗುವಷ್ಟು ಚಿಕ್ಕದು. ನೀರು ಬಿಡುವ ಪದಾರ್ಥ ಇಲ್ಲ. ಅನ್ನ ಆರುವವರೆಗೆ ಮುಚ್ಚಳ ಹಾಕುವುದಿಲ್ಲ. ಅವಸರವಿದ್ದ ತಾಯಿ ಡಬ್ಬಿಯ ಮುಂದೆ ಬೀಸಣಿಗೆ ಹಿಡಿದು ನಿಲ್ಲುತ್ತಾಳೆಯೇ ಹೊರತು ಬಿಸಿ ಅನ್ನಕ್ಕೆ ಮುಚ್ಚಳ ಒತ್ತುವುದಿಲ್ಲ. ಮಗು ತಾನೇ ತೆರೆದು ತಾನೇ ಮುಚ್ಚಲು ಬರುವಂತಹ ಮುಚ್ಚಳ. ಮಗುವಿಗೆ ಡಬ್ಬಿ ಖಾಲಿ ಮಾಡಿದ ಸಂತೋಷ ದಿನಾಲೂ ಸಿಗಬೇಕು ಎಂಬ ಎಣಿಕೆ ಇದರ ಹಿಂದೆ ಇದೆ. ಮುಖ, ಮೂಗು, ಕಣ್ಣುಗಳೆಲ್ಲ ಬೇಕಾದವರು ಸೇರಿಸಿಕೊಂಡ ಮೇಲಿನ ಮಾತು.

ನನ್ನ ತಂಗಿಯ ಮಗನ ಡಬ್ಬಿಗೆ ಮೂರು ಅಂತಸ್ತು. ಒಂದರಲ್ಲಿ ಎರಡು ಚಪಾತಿ ಮತ್ತು ಪಲ್ಯ, ಇನ್ನೊಂದರಲ್ಲಿ ಚಿತ್ರಾನ್ನ, ಮೂರನೆಯದರಲ್ಲಿ ಹಣ್ಣು, ಬಿಸ್ಕಿಟು. ಐದು ವರ್ಷದ ಹುಡುಗ. ಊಟದ ಬಿಡುವಿನಲ್ಲಿ ಕೈ ತೊಳೆದು, ಸಾಲು ನಿಂತು, ಮುಚ್ಚಳ ತೆಗೆಯುವಷ್ಟರಲ್ಲಿ ಅರ್ಧ ಸಮಯ ಹೋಗಿರುತ್ತದೆ. ಮುಚ್ಚಿಟ್ಟ ಬಿಸಿ ಚಪಾತಿ ಬೆವತು ಮೆತ್ತಗಾಗಿರುತ್ತದೆ, ಪಲ್ಯದ ಎಣ್ಣೆ ಅದಕ್ಕೆ ಇಳಿದಿರುತ್ತದೆ. ಅದನ್ನು ಒಲ್ಲೆ ಎನ್ನುವ ಮಗು ಹಟಮಾರಿ ಎಂದು ನಾನು ಒಪ್ಪುವುದಿಲ್ಲ. ದೊಡ್ಡವರಾದ ನಾವೂ ಅದನ್ನು ಸಂತೋಷದಿಂದ ತಿನ್ನಲಾರೆವು. “ಅಕ್ಕಾ, ಇಷ್ಟು ಹಾಕಿದರೂ ತಿನ್ನುವುದಿಲ್ಲ, ಕಡಿಮೆ ಹಾಕಿದರೆ ಉಪವಾಸವೇ ಬೀಳುತ್ತಾನೆ” ಎಂದು ಅವಳು ಹೇಳುತ್ತಾಳೆ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ತುಂಬಿದ ಡಬ್ಬಿಯೇ ಚಿಕ್ಕ ಮಗುವಿನ ಹಸಿವನ್ನು ಹೆದರಿಸುತ್ತದೆ.

ಚಿಕ್ಕದಾಗಿ, ಒಣದಾಗಿ, ಒಂದೇ ತುತ್ತಿಗೆ ಆಗುವಂತೆ ಕಟ್ಟಬೇಕು ಎಂದರೆ ನಾವು ಜಪಾನಿನ ಅಡುಗೆಯನ್ನು ಕಲಿಯಬೇಕಾಗಿಲ್ಲ. ನಮ್ಮ ಕಡೆಯ ಅಡುಗೆ ಬುತ್ತಿಗೆಂದೇ ಹುಟ್ಟಿದ ಅಡುಗೆ. ಹೊಲಕ್ಕೆ ಹೋಗುವವರು, ಸಂತೆಗೆ ಹೋಗುವವರು, ಜಾತ್ರೆಗೆ ನಡೆದು ಹೋಗುವವರು ಕಟ್ಟಿಕೊಂಡು ಹೋಗಿ ಕೆಡದಂತೆ ಉಂಡ ಅಡುಗೆ. ಕಡಕ್ ರೊಟ್ಟಿಯನ್ನೇ ನೋಡಿ. ಬೆವರುವುದಿಲ್ಲ, ಮೆತ್ತಗಾಗುವುದಿಲ್ಲ, ಮುರಿದರೆ ಟಕ್ಕೆಂದು ಸದ್ದಾಗುತ್ತದೆ. ಆ ಸದ್ದು ಮಕ್ಕಳಿಗೆ ಎಷ್ಟು ಇಷ್ಟ ಎಂಬುದನ್ನು ನನ್ನ ಮಗಳಲ್ಲಿ ಕಂಡಿದ್ದೇನೆ. ಅವ್ವ ಧಾರವಾಡದಿಂದ ಕಟ್ಟಿ ಕಳುಹಿಸುವ ಕಡಕ್ ರೊಟ್ಟಿಯನ್ನು ಅವಳು ತಟ್ಟೆಯಿಲ್ಲದೆ ಕೈಯಲ್ಲೇ ಹಿಡಿದು ಮುರಿದು ತಿನ್ನುತ್ತಾಳೆ. ಝುಣಕದ ವಡಿಯನ್ನು ಸಣ್ಣ ಚೌಕಗಳಾಗಿ ಕೊಯ್ದರೆ ಯಾವ ಅಚ್ಚೂ ಬೇಡ. ಪಡ್ಡು ಹುಟ್ಟುವಾಗಲೇ ದುಂಡಗೆ ಇರುತ್ತದೆ, ಹಿಟ್ಟಿಗೆ ತುರಿದ ಗಜ್ಜರಿ, ಹೆಚ್ಚಿದ ಮೆಂತ್ಯೆ ಸೊಪ್ಪು ಹಾಕಬಹುದು. ತುಪ್ಪ ಸವರಿದ ಚಪಾತಿಗೆ ಶೇಂಗಾ ಹಿಂಡಿ ಉದುರಿಸಿ ಬಿಗಿಯಾಗಿ ಸುತ್ತಿ, ಬೆರಳುದ್ದ ತುಂಡು ಮಾಡಿದರೆ ಮಗು ಆಟ ಬಿಡದೆಯೇ ತಿಂದು ಮುಗಿಸುತ್ತದೆ. ಹೆಸರುಕಾಳಿನ ಉಸುಳಿ, ತಾಲಿಪಟ್ಟಿಯ ತುಣುಕು, ಪಂಚಮಿಯ ಹೊತ್ತಿನಲ್ಲಾದರೆ ಒಂದು ಶೇಂಗಾ ಉಂಡಿ. ಪೌಷ್ಟಿಕತೆಯ ದೃಷ್ಟಿಯಿಂದ ನೋಡಿದರೂ ಜೋಳ, ಕಾಳು, ಶೇಂಗಾ, ಅಗಸೆ ಇರುವ ಈ ಬುತ್ತಿಯನ್ನು ಬಿಟ್ಟು ಬಿಳಿ ಬ್ರೆಡ್ಡಿನಲ್ಲಿ ಹೃದಯದ ಆಕಾರ ಕತ್ತರಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಖಾರದ ಒಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮಕ್ಕಳು ಪಲ್ಯ ಬಿಡಲು ಅನೇಕ ವೇಳೆ ತರಕಾರಿ ಕಾರಣವಲ್ಲ, ದೊಡ್ಡವರ ನಾಲಿಗೆಗೆ ಹಾಕಿದ ಖಾರ ಕಾರಣ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅದರ ಹೆಸರು ನಿಂತಿರುವುದೇ ಗಾಢ ಬಣ್ಣ ಮತ್ತು ಕಡಿಮೆ ಉರಿಯ ಮೇಲೆ. ಮಗುವಿನ ಪಾಲಿನ ಪಲ್ಯವನ್ನು ಮೊದಲೇ ಬೇರೆ ತೆಗೆದಿಟ್ಟು ಚಿಟಿಕೆ ಬ್ಯಾಡಗಿ ಪುಡಿ ಹಾಕಿದರೆ ಮನೆಯವರೆಲ್ಲರ ತಟ್ಟೆಯಲ್ಲಿರುವ ಕೆಂಪು ಬಣ್ಣವೇ ಅದರ ಡಬ್ಬಿಯಲ್ಲಿಯೂ ಇರುತ್ತದೆ, ಬಾಯಿ ಉರಿಯುವುದಿಲ್ಲ.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಎರಡರಿಂದ ಆರು ವರ್ಷದ ನಡುವೆ ಮಕ್ಕಳಿಗೆ ಹೊಸ ಆಹಾರದ ಬಗ್ಗೆ ಸಂಶಯ ಹೆಚ್ಚಿರುತ್ತದೆ. ಇದು ಬೆಳವಣಿಗೆಯ ಒಂದು ಹಂತ. ಮೊದಲ ಸಲ ಬೇಡವೆಂದ ಪದಾರ್ಥವನ್ನು ಮತ್ತೆ ಮತ್ತೆ, ಹತ್ತು ಹದಿನೈದು ಸಲವಾದರೂ, ಒತ್ತಾಯವಿಲ್ಲದೆ ಮುಂದಿಟ್ಟಾಗ ಸಂಶಯ ಕರಗುತ್ತದೆ. ಆ ಸಂಶಯವನ್ನು ಬೇಗ ಕರಗಿಸುವುದು ಯಾವುದು? ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಯಾನ್ ಬರ್ಚ್ 1980ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನ್ನ ಮನಸ್ಸಿನಲ್ಲಿ ನಿಂತಿದೆ. ಒಂದು ತರಕಾರಿಯನ್ನು ಅಷ್ಟಾಗಿ ಇಷ್ಟಪಡದ ಮಗುವನ್ನು, ಅದೇ ತರಕಾರಿಯನ್ನು ಇಷ್ಟಪಡುವ ಮೂರು ನಾಲ್ಕು ಮಕ್ಕಳ ಜೊತೆ ನಾಲ್ಕು ದಿನ ಊಟಕ್ಕೆ ಕೂರಿಸಿದರು. ಯಾರೂ ಉಪದೇಶ ಮಾಡಲಿಲ್ಲ. ಆ ಮಕ್ಕಳು ತಮ್ಮ ಆಯ್ಕೆಯನ್ನು ಬದಲಿಸಿಕೊಂಡು ಜೊತೆಯವರು ತಿನ್ನುತ್ತಿದ್ದ ತರಕಾರಿಯ ಕಡೆಗೆ ವಾಲಿದರು.

ಅಲಂಕಾರದ ಪರವಾಗಿ ಹೇಳುವವರು ಬೇರೊಂದು ಸಂಶೋಧನೆಯನ್ನು ಉಲ್ಲೇಖಿಸುತ್ತಿದ್ದರು. ಸೇಬಿನ ಮೇಲೆ ಎಲ್ಮೊ ಎಂಬ ಗೊಂಬೆಯ ಚಿತ್ರ ಅಂಟಿಸಿದರೆ ಮಕ್ಕಳು ಬಿಸ್ಕಿಟು ಬಿಟ್ಟು ಸೇಬನ್ನು ಹೆಚ್ಚಾಗಿ ಆರಿಸುತ್ತಾರೆ ಎಂದು ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಬರೆದಿದ್ದರು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಅಚ್ಚು ಹಾಕಿದವು. 2017ರಲ್ಲಿ ಆ ಲೇಖನವನ್ನು ಹಿಂತೆಗೆದುಕೊಳ್ಳಲಾಯಿತು. 8ರಿಂದ 11 ವರ್ಷದ ಮಕ್ಕಳ ಮೇಲೆ ನಡೆಯಿತೆಂದು ಹೇಳಿದ್ದ ಪ್ರಯೋಗ ವಾಸ್ತವದಲ್ಲಿ 3ರಿಂದ 5 ವರ್ಷದ ಮಕ್ಕಳ ಮೇಲೆ ನಡೆದಿತ್ತು. ಗೊಂಬೆ ಚಿತ್ರಕ್ಕೆ ಬೆಲೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಒಂದು ದಿನ ಮಗುವನ್ನು ನಗಿಸಲು ಅದು ಸಾಕು. ದಿನಾಲೂ ಅದನ್ನೇ ನಂಬಿ ತಾಯಿ ನಿದ್ದೆಗೆಡಬೇಕೇ ಎಂಬುದು ನನ್ನ ಪ್ರಶ್ನೆ.

ಜಪಾನಿನಲ್ಲಿ ಮಗು ಪ್ರಾಥಮಿಕ ಶಾಲೆಗೆ ಸೇರಿದ ಮೇಲೆ ಸಾಮಾನ್ಯವಾಗಿ ಬೆಂತೋ ಡಬ್ಬಿಯ ಕಾಲ ಮುಗಿಯುತ್ತದೆ. ಅಲ್ಲಿಂದ ಮುಂದೆ ಕ್ಯೂಶೊಕು, ಅಂದರೆ ಶಾಲೆಯೇ ಕೊಡುವ ಊಟ. 1889ರಲ್ಲಿ ಯಾಮಾಗಾತಾ ಪ್ರಾಂತದ ತ್ಸುರುಒಕಾದಲ್ಲಿ ಬೌದ್ಧ ಭಿಕ್ಷುಗಳು ನಡೆಸುತ್ತಿದ್ದ ಶಾಲೆಯೊಂದು ಬಡ ಮಕ್ಕಳಿಗೆ ಅನ್ನದ ಉಂಡೆ, ಮೀನು, ಉಪ್ಪಿನಕಾಯಿ ಕೊಟ್ಟದ್ದನ್ನು ಅದರ ಆರಂಭವೆಂದು ಹೇಳುತ್ತಾರೆ. ಇದನ್ನು ಓದಿದಾಗ ನನಗೆ, ವಿದ್ಯಾರ್ಥಿಗಳಿಗೆ ಉಚಿತವಾಗಿ ಅನ್ನ ನೀಡುತ್ತ ಬಂದ ಧಾರವಾಡದ ಮುರುಘಾಮಠದ ಪ್ರಸಾದ ನಿಲಯವೂ ಗದಗಿನ ವೀರೇಶ್ವರ ಪುಣ್ಯಾಶ್ರಮವೂ ನೆನಪಾದವು. 1954ರಲ್ಲಿ ಜಪಾನ್ ಶಾಲಾ ಊಟಕ್ಕೆ ಪ್ರತ್ಯೇಕ ಕಾನೂನು ಮಾಡಿತು. 2005ರಲ್ಲಿ ಆಹಾರ ಶಿಕ್ಷಣಕ್ಕೇ ಒಂದು ಕಾನೂನು ಬಂತು. ತರಗತಿಯ ಮಕ್ಕಳು ಸರದಿಯ ಮೇಲೆ ಬಿಳಿ ಮೇಲಂಗಿ, ಟೋಪಿ ಹಾಕಿಕೊಂಡು ತಾವೇ ಬಡಿಸುತ್ತಾರೆ. ಶಿಕ್ಷಕರು ಅದೇ ಕೋಣೆಯಲ್ಲಿ ಅದೇ ಊಟ ಮಾಡುತ್ತಾರೆ. ಎಲ್ಲರೂ ಕೈ ಜೋಡಿಸಿ ಒಂದೇ ದನಿಯಲ್ಲಿ ನಮಿಸಿದ ಮೇಲೆಯೇ ಊಟ ಆರಂಭ.

ನಾವು ಸಸ್ಯಾಹಾರಿಗಳು. ಆ ಊಟದ ಸಾರಿನಲ್ಲಿಯೂ ಮೀನಿನ ರಸ ಇರುತ್ತದೆ. ಆದ್ದರಿಂದ ನಮ್ಮ ಮಗಳಿಗೆ ಮನೆಯಿಂದ ಡಬ್ಬಿ ಕಳುಹಿಸಲು ಶಾಲೆ ಒಪ್ಪಿತು. ತಿಂಗಳ ಆರಂಭದಲ್ಲಿಯೇ ಪ್ರತಿ ದಿನದ ಊಟದ ಪಟ್ಟಿ ಮನೆಗೆ ಬರುತ್ತದೆ. ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಶಾಲೆಯಲ್ಲಿ ಕರಿ ಇದ್ದ ದಿನ ನಾನು ಬಟಾಟೆ ಗಜ್ಜರಿಯ ಕರಿ ಮಾಡುತ್ತೇನೆ, ಕುಂಬಳಕಾಯಿ ಇದ್ದ ದಿನ ಕುಂಬಳಕಾಯಿ, ತೋಫು, ಅಂದರೆ ಸೋಯಾ ಪನೀರು, ಇದ್ದ ದಿನ ತೋಫು. ಮಗಳು ಕೇಳಿಕೊಂಡದ್ದು ಒಂದೇ: ತನ್ನ ಊಟ ಉಳಿದವರ ಊಟದಂತೆ ಕಾಣಬೇಕು. ಶಿಶುವಿಹಾರದಲ್ಲಿದ್ದಾಗ ಹೂವಿನ ಆಕಾರದ ಗಜ್ಜರಿಯನ್ನೂ ಬದಿಗೆ ಸರಿಸುತ್ತಿದ್ದವಳು, ಮನೆಯಲ್ಲಿ ಕುಂಬಳಕಾಯಿ ಎಂದರೆ ಮುಖ ತಿರುಗಿಸುತ್ತಿದ್ದವಳು, ಪಕ್ಕದ ಗೆಳತಿ ಕುಂಬಳಕಾಯಿ ತಿನ್ನುವಾಗ ತಾನೂ ತಿಂದು ಬಂದಳು. ಆಮೇಲೆ ಅದನ್ನು ಮನೆಯಲ್ಲಿಯೂ ಕೇಳಿ ಹಾಕಿಸಿಕೊಂಡಳು. ನಾನು ಮಾಡಿದ ರುಚಿ ಅದೇ, ಕತ್ತರಿಸಿದ ರೀತಿಯೂ ಅದೇ. ಬದಲಾದದ್ದು ಅವಳು ಕುಳಿತ ಜಾಗ.

ಜಪಾನಿನ ಪದ್ಧತಿಯಲ್ಲಿ ನಾನು ಒಪ್ಪದ ಸಂಗತಿಯೂ ಇದೆ. ತಟ್ಟೆಯಲ್ಲಿ ಬಡಿಸಿದ್ದನ್ನೆಲ್ಲ ಮುಗಿಸಲೇಬೇಕೆಂದು ಬಿಡುವು ಮುಗಿದ ಮೇಲೂ ಮಗುವನ್ನು ಊಟದ ಮುಂದೆ ಕೂರಿಸಿದ ಶಿಕ್ಷಕರ ಬಗ್ಗೆ ಅಲ್ಲಿ ಬಹಳ ಟೀಕೆ ಬಂದಿದೆ, ಬರಬೇಕಾದದ್ದೇ. ನಮ್ಮ ಮನೆಗಳ “ಪೂರ್ತಿ ಖಾಲಿ ಮಾಡಿಕೊಂಡು ಬಾ” ಎಂಬ ಮಾತೂ ಅದೇ ಜಾತಿಯದು. ಪಲ್ಯ ತಿಂದರೆ ಚಾಕೊಲೇಟ್ ಎಂಬ ಒಪ್ಪಂದವೂ ಅಷ್ಟೆ. ಬರ್ಚ್ ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿ ತೋರಿಸಿದಂತೆ, ಬಹುಮಾನದ ಆಸೆಗೆ ಕುಡಿಸಿದ ಪಾನೀಯವನ್ನು ಮಕ್ಕಳು ಕ್ರಮೇಣ ಕಡಿಮೆ ಇಷ್ಟಪಟ್ಟರು.

ನಮ್ಮ ನಾಡಿನಲ್ಲಿ ಜೊತೆಯೂಟಕ್ಕೆ ಏನು ಕೊರತೆ ಇತ್ತು? ಶೀಗಿ ಹುಣ್ಣಿಮೆಗೆ ನಾವು ನವಲಗುಂದದ ಕಡೆಯ ಸೋದರತ್ತೆಯ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಕೊಡಲು, ಹೋಗುತ್ತಿದ್ದೆವು. ಬುಟ್ಟಿ ತುಂಬ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಕಡುಬು, ಮೊಸರು ಬುತ್ತಿ. ಮನೆಯಲ್ಲಿ ಪುಂಡಿಪಲ್ಯದ ಹುಳಿಗೆ ಮುಖ ಹುಳ್ಳಗೆ ಮಾಡುತ್ತಿದ್ದ ಮಕ್ಕಳು ಬನ್ನಿಗಿಡದ ನೆರಳಿನಲ್ಲಿ ಸಾಲಾಗಿ ಕುಳಿತಾಗ ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಶಾಲೆಯಲ್ಲಿಯೂ ಹಾಗೆಯೇ. ಬೇವಿನ ಮರದ ಕೆಳಗೆ ದುಂಡಗೆ ಕುಳಿತು, ಡಬ್ಬಿಯ ಮುಚ್ಚಳಗಳನ್ನು ನಡುವೆ ಇಟ್ಟು, ಅವರವರ ಮನೆಯ ಪಲ್ಯವನ್ನು ಎಲ್ಲರ ಮುಚ್ಚಳಕ್ಕೂ ಹಂಚುತ್ತಿದ್ದೆವು. ಮಡಕೆಕಾಳು, ಹಸಿ ಮೆಂತ್ಯೆ ಸೊಪ್ಪು, ಗುರೆಳ್ಳು ಹಿಂಡಿಯ ರುಚಿಯನ್ನು ನಾನು ಕಲಿತದ್ದು ಗೆಳತಿಯರ ಡಬ್ಬಿಗಳಿಂದ. ಸರ್ಕಾರಿ ಶಾಲೆಗಳಲ್ಲಿ ಈ ಪಂಕ್ತಿ ಇಂದಿಗೂ ಉಳಿದಿದೆ. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ನಂತರ ಎಲ್ಲೆಡೆ ಹಬ್ಬಿದ ಅಕ್ಷರ ದಾಸೋಹದ ಬಿಸಿಯೂಟದಲ್ಲಿ ಮಕ್ಕಳೆಲ್ಲ ಒಂದೇ ಸಾರು, ಒಂದೇ ಅನ್ನ ಉಣ್ಣುತ್ತಾರೆ.

ಶುಲ್ಕ ಕೊಟ್ಟು ಕಳುಹಿಸುವ ಶಾಲೆಗಳ ಮಕ್ಕಳಿಗೆ ಮಾತ್ರ ಈ ಭಾಗ್ಯ ತಪ್ಪುತ್ತಿದೆ. ತಂಗಿಯ ಮಗನ ಶಾಲೆಯಲ್ಲಿ ಮಕ್ಕಳು ತಮ್ಮ ತಮ್ಮ ಬೆಂಚಿನಲ್ಲಿಯೇ, ಮುಂದೆ ನೋಡುತ್ತ, ತಮ್ಮ ಡಬ್ಬಿಯನ್ನಷ್ಟೇ ತಿನ್ನಬೇಕು. ಹಂಚಿಕೊಳ್ಳುವಂತಿಲ್ಲ. ಕಾರಣ ಕೇಳಿದರೆ ಸ್ವಚ್ಛತೆ, ಅಲರ್ಜಿ ಎನ್ನುತ್ತಾರೆ. ಅಲರ್ಜಿಯ ವಿಷಯದಲ್ಲಿ ಯಾವ ರಾಜಿಯೂ ಸಲ್ಲದು. ಶೇಂಗಾ ಇಲ್ಲದ ಅಡುಗೆಯೇ ಅಪರೂಪವಾದ ನಮ್ಮ ಸೀಮೆಯಲ್ಲಿ ಶೇಂಗಾ ಒಗ್ಗದ ಮಗು ತರಗತಿಯಲ್ಲಿದ್ದರೆ ಆ ಸಂಗತಿ ಪ್ರತಿಯೊಬ್ಬ ಪಾಲಕರಿಗೂ ತಿಳಿದಿರಬೇಕು, ಆ ತರಗತಿಯ ಡಬ್ಬಿಗಳಿಂದ ಶೇಂಗಾ ಹೊರಗಿರಬೇಕು. ಆದರೆ ಪಾಲಕರ ಬಾಯಲ್ಲಿ ನಾನು ಬೇರೆ ಮಾತುಗಳನ್ನೂ ಕೇಳಿದ್ದೇನೆ. ಯಾರ ಮನೆಯ ಅಡುಗೆಯೋ ಏನೋ, ಅವರು ಏನು ತಿನ್ನುವವರೋ ಏನೋ ಎಂಬ ಮಾತುಗಳು. ಸ್ವಚ್ಛತೆಯ ಹೆಸರಿನಲ್ಲಿ ಹಳೆಯ ಮಡಿ ಮೈಲಿಗೆ ಮಗುವಿನ ಡಬ್ಬಿಯೊಳಗೆ ಬಂದು ಕುಳಿತಿದೆ ಎಂದು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ. ಬಸವಣ್ಣನವರ ಹೆಸರು ಹೇಳುವ ನಾಡಿನಲ್ಲಿ ಐದು ವರ್ಷದ ಮಗುವಿಗೆ ಪಕ್ಕದವರ ತುತ್ತನ್ನು ಸಂಶಯದಿಂದ ನೋಡಲು ಕಲಿಸುವುದು ನನಗೆ ಸಹಿಸಲಾಗದ ಸಂಗತಿ. ಸಸ್ಯಾಹಾರದ ಪ್ರಶ್ನೆಗೆ ಉತ್ತರ ಸರ್ಕಾರಿ ಶಾಲೆಗಳಲ್ಲಿಯೇ ಇದೆ. ಅಲ್ಲಿ ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಕೊಡುತ್ತಾರೆ, ಪಂಕ್ತಿ ಒಂದೇ ಇರುತ್ತದೆ. ಬೇರೆ ಬೇರೆ ಉಂಡರೂ ಜೊತೆಗೆ ಉಣ್ಣಬಹುದು. ನನ್ನ ಮಗಳು ಯೊಕೊಹಾಮಾದಲ್ಲಿ ಮಾಡುತ್ತಿರುವುದೂ ಅದನ್ನೇ.

ಹಂಚಿಕೊಳ್ಳಲು ಶಾಲೆ ಬಿಡದಿದ್ದರೂ ಒಂದೇ ಅಡುಗೆ ಕಳುಹಿಸುವುದನ್ನು ಯಾರೂ ತಡೆಯಲಾರರು. ಒಂದು ತರಗತಿಯ ನಾಲ್ಕಾರು ತಾಯಂದಿರು ಮಾತನಾಡಿಕೊಂಡು ವಾರದಲ್ಲಿ ಎರಡು ದಿನವಾದರೂ ಎಲ್ಲರೂ ಒಂದೇ ಬುತ್ತಿ ಕಟ್ಟಿದರೆ ಸಾಕು. ನಾನು ಇದನ್ನು ತಂಗಿಗೆ ಹೇಳಿದಾಗ ಅವಳು ಮೊದಲು, “ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ಇದೆಲ್ಲ ಎಲ್ಲಿ ಹೊಂದುತ್ತದೆ ಅಕ್ಕಾ?” ಎಂದಳು. ಅಚ್ಚು ಹಿಡಿದು ನಕ್ಷತ್ರ ಕತ್ತರಿಸುವ ಸಮಯ ಉಳಿಯುತ್ತದಲ್ಲ ಎಂದೆ. ಅವಳು ಪಕ್ಕದ ಓಣಿಯ ಇಬ್ಬರು ತಾಯಂದಿರನ್ನು ಕೇಳಿದ್ದಾಳೆ, ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಅತ್ತೆಯವರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ. ಅಡುಗೆಯೂ ಗೊತ್ತಾಗಿದೆ: ಮಂಗಳವಾರ ಪಡ್ಡು, ಶುಕ್ರವಾರ ಹೆಸರುಕಾಳಿನ ಉಸುಳಿ ಮತ್ತು ಅಂಗೈ ಅಗಲದ ಚಪಾತಿ. ಆ ಎರಡು ದಿನ ಮೂವರೂ ಹುಡುಗರನ್ನು ಒಂದೇ ಬೆಂಚಿನಲ್ಲಿ ಕೂರಿಸಬೇಕೆಂದು ತರಗತಿ ಶಿಕ್ಷಕಿಗೆ ಒಂದು ಚೀಟಿ ಬರೆದು ಕೊಟ್ಟಿದ್ದಾಳೆ. ಜೂನ್ ತಿಂಗಳಿನ ಪಾಲಕರ ಸಭೆಯಲ್ಲಿ ಇದೇ ವಿಷಯವನ್ನು ಇಡೀ ತರಗತಿಗಾಗಿ ಕೇಳಬೇಕು ಎಂದು ನಾನು ಅವಳಿಗೆ ಹೇಳಿದ್ದೇನೆ. ಹುಬ್ಬಳ್ಳಿ, ಗದಗ, ಹಾವೇರಿಯ ಪಾಲಕರೂ ತಮ್ಮ ತಮ್ಮ ಶಾಲೆಗಳಲ್ಲಿ ಕೇಳಲಿ: ಊಟದ ಬಿಡುವನ್ನು ಹತ್ತು ನಿಮಿಷ ಹೆಚ್ಚಿಸಿ, ಮಕ್ಕಳನ್ನು ಎದುರುಬದುರು ಕೂರಿಸಿ, ಶಿಕ್ಷಕರೂ ತಮ್ಮ ಡಬ್ಬಿ ತಂದು ಅವರ ಜೊತೆ ಉಣ್ಣಲಿ.